ಪುಟದಲ್ಲಿ ಕಂಡದ್ದು, ಕಡತದಲ್ಲಿ ಇಲ್ಲದ್ದು

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಬಳೇಪೇಟೆ, ಸುಲ್ತಾನಪೇಟೆಗಳ ಕಡೆಗೆ ಕಾಲು ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಮದುವೆ ಕಾಗದದ ಅಂಗಡಿಗಳು. ಅವುಗಳ ನಡುವೆ ಕಡಿದಾದ ಮೆಟ್ಟಿಲು, ಮೆಟ್ಟಿಲ ಬಾಯಲ್ಲಿ 'ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್' ಎಂಬ ಬೋರ್ಡು. ಡಿಟಿಪಿ ಎಂದರೆ ಡೆಸ್ಕ್‌ಟಾಪ್ ಪಬ್ಲಿಷಿಂಗ್. ಮೇಜಿನ ಮೇಲಿನ ಗಣಕಯಂತ್ರದಲ್ಲೇ ಅಕ್ಷರ ಜೋಡಿಸಿ, ಚಿತ್ರ ಕೂರಿಸಿ, ಪುಟ ಕಟ್ಟಿ ಅಚ್ಚಿಗೆ ಕಳಿಸುವ ವಿದ್ಯೆ.

ಅಂಥ ಒಂದು ಅಂಗಡಿಗೆ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕರೊಬ್ಬರು ಒಂದು ಸಿ.ಡಿ. ಹಿಡಿದು ಬಂದಿದ್ದಾರೆ ಎಂದುಕೊಳ್ಳಿ. ತಮ್ಮ ತಾಲ್ಲೂಕಿನ ಗಿಡಮರಗಳ ಬಗ್ಗೆ ಅವರು ಬರೆದ ಪುಸ್ತಕ 2000ದಲ್ಲಿ ಅಚ್ಚಾಗಿತ್ತು. ನಾನೂರು ಪುಟ, ಆರುನೂರು ಚಿತ್ರ. ಪ್ರತಿಗಳು ಮುಗಿದಿವೆ, ಕೇಳುವವರು ಇನ್ನೂ ಇದ್ದಾರೆ. 'ಎಲ್ಲ ಇದರಲ್ಲೇ ಇದೆ, ಇನ್ನೊಂದು ಸಾವಿರ ಪ್ರತಿ ಹಾಕಿಕೊಡಿ' ಎನ್ನುತ್ತಾರೆ ಮೇಷ್ಟರು. ಅಂಗಡಿಯ ಹುಡುಗ ಹಳೆಯದೊಂದು ಗಣಕವನ್ನು ಹುಡುಕಿ ಸಿ.ಡಿ. ತೆರೆಯುತ್ತಾನೆ. ಪರದೆಯ ಮೇಲೆ ಚಿತ್ರಗಳೆಲ್ಲ ಮೆಟ್ಟಿಲು ಮೆಟ್ಟಿಲಾದ ಮಸುಕು ಚೌಕಗಳು. ಅಕ್ಷರಗಳ ಜಾಗದಲ್ಲಿ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟೆಳೆದ ಇಂಗ್ಲಿಷ್ 'ಎ', ಯಾವ ಭಾಷೆಯೂ ಅಲ್ಲದ ಅಕ್ಷರಗಳ ಸಾಲು. ಸಿ.ಡಿ. ಕೆಟ್ಟಿಲ್ಲ. ಅದರಲ್ಲಿ ಬರೆದದ್ದೆಲ್ಲ ಬರೆದಂತೆಯೇ ಇದೆ. ಆದರೆ ಪುಸ್ತಕ ಅದರಲ್ಲಿಲ್ಲ.

ಇದು ಎಲ್ಲೋ ಒಬ್ಬರಿಗೆ ಬಂದ ತೊಂದರೆಯಲ್ಲ. 1990ರಿಂದ ಸುಮಾರು 20 ವರ್ಷ ಗಣಕದಲ್ಲಿ ಸಿದ್ಧವಾದ ಕನ್ನಡ ಪುಸ್ತಕಗಳಲ್ಲಿ ಬಹುಪಾಲಿಗೆ ಈ ಅಪಾಯ ಇದ್ದೇ ಇದೆ. ಪುಸ್ತಕ ಹೋದದ್ದೆಲ್ಲಿಗೆ ಎಂದು ತಿಳಿಯಬೇಕಾದರೆ ಪುಟ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸೀಸದ ಮೊಳೆಗಳ ಕಾಲದಲ್ಲಿ ಪುಟವೆಂಬುದು ಕೈಯಲ್ಲಿ ಎತ್ತಬಹುದಾದ ವಸ್ತು. ಇಂದಿನ ತಂದೆತಾಯಿಯರಲ್ಲಿ ಕೆಲವರಾದರೂ ನಿರಂಜನರ ಪ್ರಧಾನ ಸಂಪಾದಕತ್ವದ, 7 ಸಂಪುಟಗಳ 'ಜ್ಞಾನಗಂಗೋತ್ರಿ' ಕಿರಿಯರ ವಿಶ್ವಕೋಶವನ್ನು ಶಾಲೆಯ ಗ್ರಂಥಾಲಯದಲ್ಲಿ ತಿರುವಿ ಹಾಕಿರಬಹುದು. ಆ ದಿನಗಳಲ್ಲಿ ಪುಸ್ತಕಕ್ಕೆ ಒಂದು ಛಾಯಾಚಿತ್ರ ಬೇಕೆಂದರೆ ಬ್ಲಾಕ್ ಮಾಡಿಸಬೇಕಿತ್ತು. ಸಣ್ಣ ಜಾಲರಿಯ ಮೂಲಕ ಚಿತ್ರವನ್ನು ಚುಕ್ಕಿಗಳಾಗಿ ಒಡೆದು, ಸತು ಅಥವಾ ತಾಮ್ರದ ತಗಡಿನ ಮೇಲೆ ಇಳಿಸಿ, ಆಮ್ಲದಲ್ಲಿ ಕೊರೆದು, ಮರದ ತುಂಡಿಗೆ ಬಡಿದು, ಮೊಳೆಗಳ ನಡುವೆ ಕೂರಿಸಿ ದಾರದಿಂದ ಬಿಗಿಯುತ್ತಿದ್ದರು. ಕೆಲಸ ನಿಧಾನ, ಖರ್ಚು ಹೆಚ್ಚು, ಆದ್ದರಿಂದ ಚಿತ್ರ ಕಡಿಮೆ. ಆದರೆ ಒಂದು ನೆಮ್ಮದಿಯಿತ್ತು: ಪುಟದಲ್ಲಿ ಚಿತ್ರ ಕಂಡರೆ ಚಿತ್ರ ಅಲ್ಲೇ ಇದೆ ಎಂದರ್ಥ.

1985ರಲ್ಲಿ ಅಮೆರಿಕದ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಬಂತು. ಅದೇ ವರ್ಷ ಆಪಲ್ ಕಂಪನಿಯ ಲೇಸರ್ ಮುದ್ರಕವೂ ಬಂತು. ಇಂಚಿಗೆ 300 ಚುಕ್ಕಿ ಇಡಬಲ್ಲ ಯಂತ್ರ. ಮೇಜಿನ ಮೇಲಿನ ಮುದ್ರಣಕ್ಕೆ ಬುನಾದಿ ಬಿದ್ದದ್ದು ಈ ಜೋಡಿಯಿಂದ. 'ಪರದೆಯಲ್ಲಿ ಕಂಡದ್ದೇ ಕಾಗದದಲ್ಲಿ' ಎಂಬುದು ಆಗಿನ ಘೋಷಣೆ. ಬೆಂಗಳೂರಿನ ಪೇಟೆಗಳಲ್ಲಿ ಅಕ್ಷರ ಜೋಡಿಸುವವರ ಕಪಾಟುಗಳು ಒಂದೊಂದಾಗಿ ಖಾಲಿಯಾಗಿ, ಆ ಜಾಗಕ್ಕೆ ಪೇಜ್‌ಮೇಕರ್ ಓಡುವ ಗಣಕಗಳು ಬಂದವು. ಘೋಷಣೆ ಅರ್ಧ ನಿಜ. ಪರದೆಯಲ್ಲಿ ಕಂಡದ್ದು ಕಾಗದದಲ್ಲಿ ಬರುತ್ತದೆ, ಅದಕ್ಕೆ ಬೇಕಾದದ್ದೆಲ್ಲ ಹತ್ತಿರವಿದ್ದರೆ.

ಲೆಕ್ಕ ಮಾಡಿ ನೋಡಬಹುದು. ಎ4 ಅಳತೆಯ ಪುಟ 8.27 ಇಂಚು ಅಗಲ, 11.69 ಇಂಚು ಎತ್ತರ. ಉತ್ತಮ ಮುದ್ರಣಕ್ಕೆ ಇಂಚಿಗೆ 300 ಬಿಂದು ಬೇಕು. ಪುಟ ತುಂಬುವ ಚಿತ್ರಕ್ಕೆ 2480ನ್ನು 3508ರಿಂದ ಗುಣಿಸಿದರೆ ಸುಮಾರು 87 ಲಕ್ಷ ಬಿಂದುಗಳಾದವು. ಮುದ್ರಣದಲ್ಲಿ ಬಳಸುವುದು ನೀಲಿಹಸಿರು, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿ. ಪ್ರತಿ ಬಿಂದುವಿಗೆ ಶಾಯಿಗೊಂದರಂತೆ 4 ಬೈಟ್. ಒಟ್ಟು ಸುಮಾರು ಮೂರೂವರೆ ಕೋಟಿ ಬೈಟ್, ಅಂದರೆ 35 ಮೆಗಾಬೈಟ್. ಅಂದಿನ 1.44 ಮೆಗಾಬೈಟಿನ ಫ್ಲಾಪಿಗಳಲ್ಲಿ ತುಂಬಿದರೆ ಒಂದೇ ಚಿತ್ರಕ್ಕೆ 25 ಫ್ಲಾಪಿ! ಮೇಷ್ಟರ ಪುಸ್ತಕದ 600 ಚಿತ್ರಗಳು ಸರಾಸರಿ ಅರ್ಧ ಪುಟದವು ಎಂದರೂ ಹತ್ತು ಗಿಗಾಬೈಟ್ ದಾಟುತ್ತದೆ. ಒಂದು ಸಿ.ಡಿ. ಹಿಡಿಯುವುದು 650 ಮೆಗಾಬೈಟ್. ಅವರ ಸಿ.ಡಿ.ಯಲ್ಲಿ ಚಿತ್ರಗಳು ಇರಲು ಸಾಧ್ಯವೇ ಇರಲಿಲ್ಲ ಎಂಬುದು ಎಂಟನೆಯ ತರಗತಿಯ ಗುಣಾಕಾರದಿಂದಲೇ ತಿಳಿಯುತ್ತದೆ.

ಇಷ್ಟು ಭಾರವನ್ನು ಪುಟದೊಳಗೇ ತುಂಬಿದರೆ ಯಾವ ಗಣಕವೂ ಅಲುಗಾಡುವುದಿಲ್ಲ. ಅದಕ್ಕೇ ಪುಟ ಕಟ್ಟುವ ತಂತ್ರಾಂಶಗಳು ಒಂದು ಉಪಾಯ ಮಾಡುತ್ತವೆ. ದೊಡ್ಡ ಚಿತ್ರವನ್ನು ಹೊರಗೇ ಬಿಟ್ಟು, ಅದರ ಚಿಕ್ಕ ನೆರಳೊಂದನ್ನು ಪುಟದಲ್ಲಿ ತೋರಿಸಿ, ಅಸಲಿ ಚಿತ್ರ ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿ ಯಾವ ಹೆಸರಿನಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತವೆ. ಇದಕ್ಕೆ ಲಿಂಕ್ ಎಂದು ಹೆಸರು. ಅಚ್ಚಿಗೆ ಕಳಿಸುವಾಗ ಆ ವಿಳಾಸಕ್ಕೆ ಹೋಗಿ ಅಸಲಿಯನ್ನು ತರುತ್ತವೆ. ಚಿತ್ರ ದೊಡ್ಡದಾಗಿದ್ದರೆ ಪೇಜ್‌ಮೇಕರ್ ಬಾಯಿಬಿಟ್ಟು ಕೇಳುತ್ತಲೂ ಇತ್ತು: ಇದು ಇಷ್ಟು ಜಾಗ ತಿನ್ನುತ್ತದೆ, ಪೂರ್ತಿ ಪ್ರತಿಯನ್ನು ಒಳಗೇ ಇಡಲೇ? ಕೆಲಸದ ಅವಸರದಲ್ಲಿ ಬೇಡವೆಂದು ಗುಂಡಿ ಒತ್ತಿದವರೇ ಹೆಚ್ಚು, ಒತ್ತಿದ್ದು ಸರಿಯೂ ಹೌದು. ತಪ್ಪಾಗುತ್ತಿದ್ದುದು ಆಮೇಲೆ. ಚಿತ್ರಗಳ ಫೋಲ್ಡರಿನ ಹೆಸರು ಬದಲಾಯಿತು, ಡಿಸ್ಕ್ ತುಂಬಿತೆಂದು ಯಾರೋ ಅಳಿಸಿದರು, ಇಲ್ಲವೇ ಗಣಕವನ್ನೇ ಹಳೆಯ ಸಾಮಾನಿಗೆ ಹಾಕಿದರು. ಮನೆ ಒಡೆದುಹೋಗಿದೆ, ಕೈಯಲ್ಲಿ ವಿಳಾಸದ ಚೀಟಿ ಉಳಿದಿದೆ. ಅಸಲಿ ಸಿಗದಾಗ ತಂತ್ರಾಂಶ ನೆರಳನ್ನೇ ಅಚ್ಚಿಗೆ ಕಳಿಸುತ್ತದೆ. ಮೇಷ್ಟರ ಪರದೆಯಲ್ಲಿ ಕಂಡ ಮಸುಕು ಚೌಕ ಅದೇ.

ಆದ್ದರಿಂದ ದೊಡ್ಡ ಸಚಿತ್ರ ಪುಸ್ತಕದ ಕೆಲಸದಲ್ಲಿ ಮೊದಲ ದಿನ ಮಾಡಬೇಕಾದದ್ದು ಪುಟದ ಅಂದಚೆಂದವಲ್ಲ, ಫೋಲ್ಡರುಗಳ ಏರ್ಪಾಡು. ಅಧ್ಯಾಯಕ್ಕೊಂದು ಕಡತ, ಅದರ ಪಕ್ಕದಲ್ಲೇ ಆ ಅಧ್ಯಾಯದ ಚಿತ್ರಗಳು. ಚಿತ್ರದ ಹೆಸರಿನಲ್ಲಿ ಅಧ್ಯಾಯದ ಸಂಖ್ಯೆ ಮತ್ತು ಕ್ರಮಸಂಖ್ಯೆ ಇರಬೇಕು. 'ಹೊಸದು', 'ಫೈನಲ್', 'ಫೈನಲ್ ಎರಡು' ಎಂದು ಹೆಸರಿಡುವವರು ಒಂದಲ್ಲ ಒಂದು ದಿನ ತಪ್ಪು ಹೂವನ್ನು ತಪ್ಪು ಗಿಡಕ್ಕೆ ಅಂಟಿಸುತ್ತಾರೆ. ಅಧ್ಯಾಯಗಳನ್ನು ಬೇರೆ ಬೇರೆ ಇಟ್ಟರೆ ಒಂದು ಕಡತ ಕೆಟ್ಟರೂ ಉಳಿದವು ಉಳಿಯುತ್ತವೆ; ಪುಟಸಂಖ್ಯೆಯನ್ನು ಕೊನೆಯಲ್ಲಿ ತಂತ್ರಾಂಶವೇ ಒಟ್ಟುಗೂಡಿಸಿ ಹಾಕುತ್ತದೆ. ಕೆಲಸ ಮುಗಿದ ಮೇಲೆ ಪುಟ, ಚಿತ್ರ, ಅಕ್ಷರಶೈಲಿ ಮೂರನ್ನೂ ಒಂದೇ ಫೋಲ್ಡರಿಗೆ ಎಳೆದುಕೊಳ್ಳುವ ಸೌಲಭ್ಯ ಇಂದಿನ ಎಲ್ಲ ಒಳ್ಳೆಯ ತಂತ್ರಾಂಶಗಳಲ್ಲೂ ಇದೆ. ಅದನ್ನು ಒತ್ತದೆ ಲೆಕ್ಕ ಚುಕ್ತಾ ಮಾಡಬಾರದು.

ಇಂಚಿಗೆ 300 ಎಂಬ ಸಂಖ್ಯೆ ಎಲ್ಲಿಂದ ಬಂತು? ಪತ್ರಿಕೆಯ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ದೊಡ್ಡ ಚುಕ್ಕಿಗಳ ಸಾಲುಗಳು ಕಾಣುತ್ತವೆ. ನುಣುಪಾದ ಆರ್ಟ್ ಕಾಗದದ ಪುಸ್ತಕದಲ್ಲಿ ಇಂಚಿಗೆ ಸಾಮಾನ್ಯವಾಗಿ 150 ಸಾಲು. ಪ್ರತಿ ಸಾಲಿಗೆ ಎರಡರಂತೆ ಮಾಹಿತಿ ಕೊಟ್ಟರೆ ಚಿತ್ರ ಕಚ್ಚುಕಚ್ಚಾಗುವುದಿಲ್ಲ ಎಂಬುದು ಅನುಭವದ ಲೆಕ್ಕ. ಚಿತ್ರವನ್ನು ಹಿಗ್ಗಿಸಿದರೆ ಬಿಂದು ಹೆಚ್ಚಾಗುವುದಿಲ್ಲ, ತೆಳ್ಳಗಾಗುತ್ತದೆ. 1200 ಬಿಂದು ಅಗಲದ ಚಿತ್ರ 4 ಇಂಚಿಗೆ ಸರಿ, 8 ಇಂಚಿಗೆ ಎಳೆದರೆ ಇಂಚಿಗೆ 150 ಮಾತ್ರ. ಶಾಲೆಯ ವಾರ್ಷಿಕ ಸಂಚಿಕೆಗೆ ಫೋಟೋ ಕಳಿಸುವ ತಂದೆತಾಯಿಯರು ಇದನ್ನು ಗಮನಿಸಬೇಕು. ಇಂದಿನ ಮೊಬೈಲು 4000 ಬಿಂದು ಅಗಲದ ಚಿತ್ರ ತೆಗೆಯುತ್ತದೆ, 13 ಇಂಚಿಗೆ ಸಾಕು. ಅದನ್ನೇ ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋವಾಗಿ ಕಳಿಸಿದರೆ ಸುಮಾರು 1600 ಬಿಂದುವಿಗೆ ಇಳಿಯುತ್ತದೆ, 5 ಇಂಚಿಗಷ್ಟೇ ಸಾಕು. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಎಂದು ಕಳಿಸಿದರೆ ಹಾಗೇ ತಲುಪುತ್ತದೆ. ಅಚ್ಚಾದ ಪುಸ್ತಕದಿಂದ ಚಿತ್ರ ಸ್ಕ್ಯಾನ್ ಮಾಡುವುದೂ ಬೇಡ. ಚುಕ್ಕಿಯ ಮೇಲೆ ಚುಕ್ಕಿ ಬಿದ್ದು, ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹೊದಿಸಿದಾಗ ಕಾಣುವಂಥ ಅಲೆಗಳು ಏಳುತ್ತವೆ.

ಚಿತ್ರದ ಕತೆ ಹೀಗಾದರೆ ಅಕ್ಷರಕ್ಕೇನಾಯಿತು? ಚಿತ್ರದ ತೊಂದರೆ ಲೋಕದ ಎಲ್ಲ ಭಾಷೆಗಳಿಗೂ ಒಂದೇ. ಅಕ್ಷರದ ತೊಂದರೆ ಮಾತ್ರ ನಮ್ಮ ಲಿಪಿಗಳದು.

ಹಳೆಯ ಅಕ್ಷರಶೈಲಿಯ ಕಡತದಲ್ಲಿ, ಅಂದರೆ ಫಾಂಟಿನಲ್ಲಿ, ಇದ್ದದ್ದು 256 ಮನೆ. ಅದರಲ್ಲೂ ಕೆಲವು ಯಂತ್ರದ ಸ್ವಂತ ಉಪಯೋಗಕ್ಕೆ ಮೀಸಲು. ಇಂಗ್ಲಿಷಿಗೆ ಅಷ್ಟು ಧಾರಾಳ. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳ ಗುಣಿತ ಕಟ್ಟಿದರೆ ಅಲ್ಲಿಗೇ 442 ಆಯಿತು, ಒತ್ತಕ್ಷರ ಇನ್ನೂ ಬಂದಿಲ್ಲ. ಹೀಗಾಗಿ ಅಕ್ಷರವನ್ನು ತುಂಡು ಮಾಡಿದರು. 'ಕ'ದ ಒಡಲು ಒಂದು ಮನೆಯಲ್ಲಿ, ತಲಕಟ್ಟು ಇನ್ನೊಂದು ಮನೆಯಲ್ಲಿ, ಒತ್ತು ಮತ್ತೊಂದರಲ್ಲಿ. ಮನೆಗಳು ಹುಟ್ಟಿನಿಂದ ಇಂಗ್ಲಿಷಿನವು. ಒಳಗಿನ ಬಾಡಿಗೆದಾರ ಕನ್ನಡದ ತುಂಡು.

ಸರ್ಕಾರದ ಬೆಂಬಲದೊಂದಿಗೆ ಕನ್ನಡ ಗಣಕ ಪರಿಷತ್ತು ಹೊರತಂದ 'ನುಡಿ'ಯ ಹಳೆಯ ಫಾಂಟುಗಳಲ್ಲಿ 'ಕನ್ನಡ' ಎಂಬ ಮೂರಕ್ಷರದ ಪದಕ್ಕೆ ಏಳು ಮನೆ. ದೊಡ್ಡ 'ಪಿ', ಗೀಟಿನ 'ಎ', ಪೌಂಡ್ ಚಿಹ್ನೆ, ಮತ್ತೆ ಗೀಟಿನ 'ಎ', ಜರ್ಮನರ ಒಂದು 'ಎಸ್', ಚಿಕ್ಕ 'ಕ್ಯೂ', ಇನ್ನೊಮ್ಮೆ ಗೀಟಿನ 'ಎ'. ಇಲ್ಲಿ ಪೌಂಡ್ ಎಂದರೆ 'ನ'ದ ಒಡಲು, ಜರ್ಮನ್ ಅಕ್ಷರವೆಂದರೆ ನ-ಒತ್ತು, ಗೀಟಿನ 'ಎ' ಎಂದರೆ ತಲಕಟ್ಟು. ಫಾಂಟ್ ಜೊತೆಗಿದ್ದಾಗ ಪರದೆಯಲ್ಲಿ ಚೊಕ್ಕ ಕನ್ನಡ. ಫಾಂಟ್ ತೆಗೆದರೆ ಬಾಡಿಗೆದಾರ ಹೊರಟುಹೋಗಿ ಬರಿಯ ಮನೆ ಕಾಣುತ್ತದೆ. ಮೇಷ್ಟರಿಗೆ ಕಂಡದ್ದು ಆ ಖಾಲಿ ಮನೆಗಳು. ಕಡತದಲ್ಲಿ ಕನ್ನಡ ಎಂದೂ ಇರಲೇ ಇಲ್ಲ, ಕನ್ನಡದ ಚಹರೆಯಷ್ಟೇ ಇತ್ತು.

ಇದರ ಮೇಲೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆ ಮನೆ ಹಂಚಿಕೆ. ಒಂದರಲ್ಲಿ ಜೋಡಿಸಿದ್ದು ಇನ್ನೊಂದರಲ್ಲಿ ತೆರೆಯದು. ಹಾಗೆಂದು ಆ ಕಾಲದ ತಂತ್ರಜ್ಞರನ್ನು ದೂರುವುದು ಕೃತಘ್ನತೆ. ಇದ್ದ 256 ಮನೆಗಳಲ್ಲಿ ಇಡೀ ಕನ್ನಡವನ್ನು ಕೂರಿಸಿ, ಇಪ್ಪತ್ತು ವರ್ಷ ನಾಡಿನ ಪುಸ್ತಕ, ಪತ್ರಿಕೆ, ಪಠ್ಯಗಳನ್ನು ನಡೆಸಿದ್ದು ಸಣ್ಣ ಸಾಹಸವಲ್ಲ. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಹೊಂದಿಸಿಕೊಟ್ಟರು. ಅವರು ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರು. ಕೀಲಿಮಣೆಯ ಆ ವಿನ್ಯಾಸವನ್ನು ಮುಂದೆ ಕರ್ನಾಟಕ ಸರ್ಕಾರ ಶಿಷ್ಟ ವಿನ್ಯಾಸವಾಗಿ ಒಪ್ಪಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು ಮನೆಮನೆಯ ಗಣಕಕ್ಕೆ ಕನ್ನಡ ತಂದಿತು. ಒಂದು ಸಲ ಬೆರಳಿಗೆ ಕೂತ ಅಭ್ಯಾಸ ಇಂದೂ ಉಳಿದಿದೆ, ಬದಲಾದದ್ದು ಒಳಗಿನ ಸಂಕೇತ.

ಆ ಹೊಸ ಸಂಕೇತವೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತ್ತು. ಇಲ್ಲಿ 'ಕನ್ನಡ' ಎಂಬುದು ಐದು ಸಂಕೇತ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಮೇಷ್ಟರು ಪಾಠ ಹೇಳುವಾಗ ಬಿಡಿಸಿದಂತೆಯೇ ಇದೆ. ಒತ್ತು ಎಲ್ಲಿ ಬೀಳಬೇಕು, ಅರ್ಕಾವತ್ತು ಎಲ್ಲಿಗೆ ಹಾರಬೇಕು ಎಂಬುದನ್ನು ಫಾಂಟೂ ತಂತ್ರಾಂಶವೂ ಸೇರಿ ಆ ಕ್ಷಣಕ್ಕೆ ನಿರ್ಧರಿಸುತ್ತವೆ. ಫಾಂಟ್ ಕಳೆದುಹೋದರೆ ಬೇರೊಂದು ಕನ್ನಡ ಫಾಂಟ್ ಹಾಕಿ ಓದಬಹುದು. ಅಂದ ಹೋದೀತು, ಪದ ಹೋಗದು.

ಆದರೆ ಪುಟ ಕಟ್ಟುವ ತಂತ್ರಾಂಶಗಳು ಈ ಜೋಡಣೆಯನ್ನು ಕಲಿಯಲು ಬಹಳ ತಡಮಾಡಿದವು. 2001ರ ಕೊನೆಯ ಆವೃತ್ತಿಯವರೆಗೂ ಪೇಜ್‌ಮೇಕರಿಗೆ ಯೂನಿಕೋಡ್ ಬರಲೇ ಇಲ್ಲ. ಅದರ ಉತ್ತರಾಧಿಕಾರಿ ಇನ್‌ಡಿಸೈನ್ 1999ರಲ್ಲಿ ಬಂದರೂ ಭಾರತೀಯ ಲಿಪಿಗಳಿಗೆ ಅಧಿಕೃತ ಬೆಂಬಲ ಕೊಟ್ಟದ್ದು 2012ರಲ್ಲಿ. ಪುಕ್ಕಟೆಯಾಗಿ ಸಿಗುವ ಸ್ಕ್ರೈಬಸ್ ಕಲಿತದ್ದು 2017ರಲ್ಲಿ. ಪೇಟೆಯ ಅಂಗಡಿಗಳು ಹಳೆಯ ಫಾಂಟುಗಳನ್ನು ಬಿಡದೆ ಹಿಡಿದುಕೊಂಡದ್ದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಈಗ ಆ ನೆಪ ಇಲ್ಲ. ಶಾಲೆಯ ಸಂಚಿಕೆಯೇ ಇರಲಿ, ಹೊಸ ಕೆಲಸವನ್ನು ಯೂನಿಕೋಡಿನಲ್ಲೇ ಮಾಡಿಕೊಡಿ ಎಂದು ಕೇಳುವ ಹಕ್ಕು ಗಿರಾಕಿಗಿದೆ.

ಪುಟ ಸಿದ್ಧವಾದ ಮೇಲಿನ ಲೆಕ್ಕವೂ ಸ್ವಾರಸ್ಯವಾದದ್ದು. ಮುದ್ರಣಯಂತ್ರ ಪುಟಗಳನ್ನು ಒಂದೊಂದಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಒಂದೊಂದು ಮಗ್ಗುಲಿಗೆ ಎಂಟರಂತೆ ಹದಿನಾರು ಪುಟ. ಇದಕ್ಕೆ ಫಾರಂ ಎನ್ನುತ್ತಾರೆ. ಮಕ್ಕಳು ಒಂದು ಹಾಳೆಯನ್ನು ಮೂರು ಸಲ ಮಡಚಿ, ಅಂಚು ಕತ್ತರಿಸದೆ ಪುಟಗಳಿಗೆ 1ರಿಂದ 16ರವರೆಗೆ ಸಂಖ್ಯೆ ಹಾಕಿ ಬಿಡಿಸಲಿ. 1ರ ಪಕ್ಕದಲ್ಲಿ 16, 4ರ ಪಕ್ಕದಲ್ಲಿ 13, ಕೆಲವು ತಲೆಕೆಳಗು. ಬೆನ್ನಿನ ಮಡಿಕೆಯ ಆಚೀಚೆ ಇರುವ ಯಾವ ಜೋಡಿಯನ್ನು ಕೂಡಿದರೂ 17 ಬರುತ್ತದೆ.

400 ಪುಟವೆಂದರೆ ಸರಿಯಾಗಿ 25 ಫಾರಂ. ಲೇಖಕರು ಕೊನೆಗಳಿಗೆಯಲ್ಲಿ ಒಂದು ಪುಟ ಸೇರಿಸಿದರೆ 26ನೆಯ ಫಾರಂ ಬೇಕು, ಅದರಲ್ಲಿ ಹದಿನೈದು ಪುಟ ಖಾಲಿ. ಬಣ್ಣದ ಫಾರಮ್ಮಿಗೆ ಮಗ್ಗುಲಿಗೆ ನಾಲ್ಕರಂತೆ 8 ತಟ್ಟೆ, ಕಪ್ಪಿಗೆ 2. ಎಲ್ಲ ಪುಟಗಳಲ್ಲೂ ಬಣ್ಣ ಚೆಲ್ಲಿದರೆ 200 ತಟ್ಟೆ. ಬಣ್ಣದ ಚಿತ್ರಗಳನ್ನೆಲ್ಲ 5 ಫಾರಂಗಳಲ್ಲಿ ಒತ್ತಟ್ಟಿಗೆ ತಂದರೆ 40, ಉಳಿದ 20 ಫಾರಂಗಳಿಗೆ 40, ಒಟ್ಟು 80 ಸಾಕು. ಹಳೆಯ ಪುಸ್ತಕಗಳಲ್ಲಿ ಬಣ್ಣದ ಪುಟಗಳು ನಡುವೆ ಗುಂಪಾಗಿ ಇರುತ್ತಿದ್ದುದರ ಗುಟ್ಟು ಇದೇ. ಪುಸ್ತಕದ ಬೆಲೆ ನೂರು ರೂಪಾಯಿ ಇಳಿಯುವುದೋ ಏರುವುದೋ ಎಂಬುದು ಹೀಗೆ ಪುಟ ಕಟ್ಟುವವನ ಮೇಜಿನ ಮೇಲೆ ತೀರ್ಮಾನವಾಗುತ್ತದೆ.

ಇನ್ನೆರಡು ಸಣ್ಣ ಮಾತು. ಅಕ್ಷರದ ಕಪ್ಪು ಬರಿಯ ಕಪ್ಪು ಶಾಯಿಯಿಂದಲೇ ಬರಬೇಕು. ನಾಲ್ಕು ಶಾಯಿ ಬೆರೆಸಿದ ಕಪ್ಪಾದರೆ, ತಟ್ಟೆ ಕೂದಲೆಳೆಯಷ್ಟು ಸರಿದರೂ 'ಸ್ತ್ರೀ', 'ರಾಷ್ಟ್ರ'ಗಳ ಪುಟ್ಟ ಒತ್ತುಗಳು ಬಣ್ಣದ ಮಸಿಯಾಗುತ್ತವೆ. ಇದೇ ಒತ್ತುಗಳಿಗಾಗಿ ಸಾಲಿನ ಅಂತರವೂ ಇಂಗ್ಲಿಷಿಗಿಂತ ಧಾರಾಳ ಬೇಕು, 12 ಪಾಯಿಂಟಿನ ಅಕ್ಷರಕ್ಕೆ 16ರಿಂದ 18. ಇನ್ನು ರಕ್ಷಾಪುಟದ ಬೆನ್ನಿನ ದಪ್ಪ: ಬಳಸಲಿರುವ ಕಾಗದದ ನೂರು ಹಾಳೆ ಒತ್ತಿಟ್ಟು ಅಳೆದು ನೂರರಿಂದ ಭಾಗಿಸಿದರೆ ಒಂದು ಹಾಳೆಯ ದಪ್ಪ. ಅದು 0.12 ಮಿಲಿಮೀಟರ್ ಇದ್ದರೆ ಇನ್ನೂರು ಹಾಳೆಯ ಪುಸ್ತಕಕ್ಕೆ 24 ಮಿಲಿಮೀಟರ್ ಬೆನ್ನು. ಪ್ರಯೋಗಶಾಲೆಯಲ್ಲಿ ಕಾಗದದ ದಪ್ಪ ಅಳೆದ ಮಕ್ಕಳಿಗೆ ಇದು ಹೊಸತಲ್ಲ.

ಮೇಷ್ಟರು ಇನ್ನೂ ಅಂಗಡಿಯಲ್ಲೇ ಕೂತಿದ್ದಾರೆ. ಅವರ ಅಕ್ಷರಗಳನ್ನು ಉಳಿಸಬಹುದು. ಯಾವ ಫಾಂಟಿನಲ್ಲಿ ಜೋಡಿಸಿದ್ದು ಎಂಬುದು ಗೊತ್ತಾದರೆ, ಹಳೆಯ ಮನೆಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕರಡು ತಿದ್ದಬೇಕು. 'ಕರ್ನಾಟಕ'ದ ಅರ್ಕಾವತ್ತು ಹಳೆಯ ಕಡತದಲ್ಲಿ 'ನಾ' ಆದ ಮೇಲೆ ಕೂತಿರುತ್ತದೆ. ಅದನ್ನು ಕಿತ್ತು 'ನ'ದ ಮುಂದಕ್ಕೆ ತರುವಾಗ ಪರಿವರ್ತಕ ಎಲ್ಲೋ ಒಂದೆಡೆ ಎಡವುತ್ತದೆ. ಶ್ರಮ ವ್ಯರ್ಥವಲ್ಲ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಅದರ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಬರಹಗಳನ್ನು ಇಂದು ಹಳ್ಳಿಯ ವಿದ್ಯಾರ್ಥಿಯೂ ಕನ್ನಡದಲ್ಲೇ ಪದ ಕೊಟ್ಟು ಅಂತರಜಾಲದಲ್ಲಿ ಹುಡುಕಿ ಓದಬಹುದು. ಪೌಂಡ್ ಚಿಹ್ನೆಯ ಸಾಲಿನಲ್ಲಿ ಅದು ಆಗದ ಮಾತು.

ಚಿತ್ರಗಳದೇ ಕಷ್ಟ. ನೆಗೆಟಿವ್‌ಗಳು ಮನೆಯ ಟ್ರಂಕಿನಲ್ಲಿ ಉಳಿದಿದ್ದರೆ ಹೊಸದಾಗಿ ಸ್ಕ್ಯಾನ್ ಮಾಡಬಹುದು. ಆರುನೂರು ನೆಗೆಟಿವ್‌ಗೆ ವಾರಗಳೇ ಬೇಕು, ಆದರೂ ಮೊದಲಿಗಿಂತ ಚೆನ್ನಾಗಿ ಬರುತ್ತವೆ. ಅವೂ ಇಲ್ಲದಿದ್ದರೆ ಉಳಿದ ದಾರಿ ಅಚ್ಚಾದ ಪುಸ್ತಕವೇ. ಚುಕ್ಕಿಯ ಅಲೆಗಳನ್ನು ತಂತ್ರಾಂಶದಿಂದ ಸ್ವಲ್ಪ ತಗ್ಗಿಸಬಹುದು, ಪೂರ್ತಿ ಅಳಿಸಲಾಗದು. ಹಾಳೆ ಚಪ್ಪಟೆಯಾಗಿ ಗಾಜಿನ ಮೇಲೆ ಕೂರಬೇಕಾದ್ದರಿಂದ ಪುಸ್ತಕದ ಬೆನ್ನನ್ನು ಕಟಿಂಗ್ ಯಂತ್ರದಲ್ಲಿ ಕತ್ತರಿಸಿ, ಹಾಳೆ ಹಾಳೆಯಾಗಿ ಬಿಡಿಸಬೇಕು. ಹುಡುಗ ಕೇಳುತ್ತಾನೆ: 'ಸಾರ್, ಮನೇಲಿ ಎಷ್ಟು ಕಾಪಿ ಇದೆ?'